ಕಬ್ಬಿನ ಬಿಲ್ಲನ್ನು ಹದಿನಾಲ್ಕು ತಿಂಗಳ ಸಂಬಳ ಮಾಡಿಕೊಳ್ಳುವುದು ಹೇಗೆ

ಮಂಡ್ಯ, ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ನಾಲೆ ಬಯಲಿನ ಊರುಗಳಲ್ಲಿ ದುಡ್ಡು ಬರುವ ರೀತಿಯೇ ಬೇರೆ. ವರ್ಷಕ್ಕೊಮ್ಮೆ ಕಬ್ಬಿನ ಬಿಲ್ಲು, ಅಂದರೆ ಕಾರ್ಖಾನೆಗೆ ಕೊಟ್ಟ ಕಬ್ಬಿನ ಹಣ, ಗಂಟಾಗಿ ಬರುತ್ತದೆ, ಖರ್ಚು ದಿನಾ ಚಿಲ್ಲರೆಯಾಗಿ ಹೋಗುತ್ತಿರುತ್ತದೆ. ಹಣಕಾಸಿನ ಸಲಹೆಗಳು ಸಾಮಾನ್ಯವಾಗಿ ಸಂಬಳದಲ್ಲಿ ಇಷ್ಟು ಭಾಗ ಉಳಿಸಿ ಎಂಬಲ್ಲಿಂದ ಶುರುವಾಗುತ್ತವೆ. ಸಂಬಳವೇ ಇಲ್ಲದ ಮನೆಗೆ ಆ ಲೆಕ್ಕ ಒಗ್ಗುವುದಿಲ್ಲ. ಇಲ್ಲಿ ಮೊದಲು ಆಗಬೇಕಾದ ಕೆಲಸ ಬಿಲ್ಲಿನ ಗಂಟು ಬಿಚ್ಚಿ ಮನೆಗೊಂದು ತಿಂಗಳ ಸಂಬಳ ಗೊತ್ತು ಮಾಡುವುದು. ವಿಮೆ, ಮಗಳ ಓದು, ಮುಪ್ಪಿನ ಪಿಂಚಣಿ ಎಲ್ಲ ಅದರ ಮೇಲೆ ನಿಲ್ಲಬೇಕು.

ಬಿಲ್ಲು ಕೈಗೆ ಬಂದ ದಿನ ಕೂತು ಲೆಕ್ಕ ಹಾಕಲು ಹೋದರೆ ತಡವಾಗುತ್ತದೆ. ಕಟಾವಿಗೆ ಎರಡು ತಿಂಗಳಿರುವಾಗಲೇ ಒಂದು ನೂರು ಪುಟದ ನೋಟ್‌ಬುಕ್ ತಂದಿಡಿ.

ಮೊದಲ ತಿಂಗಳು: ಬರೀ ಬರೆಯುವುದು

ಮೂವತ್ತು ದಿನ ಮನೆಯಿಂದ ಹೊರಗೆ ಹೋದ ಪ್ರತಿ ರೂಪಾಯಿ ಬರೆಯಿರಿ. ಈ ತಿಂಗಳು ಖರ್ಚು ಕಡಿಮೆ ಮಾಡಲು ಹೋಗಬೇಡಿ. ಹಾಗೆ ಮಾಡಿದರೆ ನಿಜವಾದ ಅಂಕಿ ಸಿಗುವುದಿಲ್ಲ. ದಿನಸಿ, ಗ್ಯಾಸ್, ಮೊಬೈಲ್ ರೀಚಾರ್ಜ್, ಬೈಕಿನ ಪೆಟ್ರೋಲ್, ಅಜ್ಜಿಯ ಬಿಪಿ ಮಾತ್ರೆ, ಮಕ್ಕಳ ಬಸ್ಸು, ಸಂಘದ ಕಂತು ಇವೆಲ್ಲ ಎಲ್ಲರಿಗೂ ನೆನಪಿರುತ್ತವೆ. ಮರೆತುಹೋಗುವುದು ಪೇಟೆಗೆ ಹೋದಾಗಿನ ಹೋಟೆಲ್ ಖರ್ಚು ಮತ್ತು ಮುಯ್ಯಿ. ಮದುವೆ, ಬೀಗರೂಟ, ಗೃಹಪ್ರವೇಶ ಎಂದು ವರ್ಷಕ್ಕೆ ಮೂವತ್ತು ಕಡೆ ತಲಾ 500 ರೂ. ಹಾಕಿದರೂ 15,000 ರೂ. ಆಯಿತು. ಮುಯ್ಯಿ ಬಿಡಿ ಎಂದು ಯಾರೂ ಹೇಳಲಾರರು, ಅದು ಊರಿನ ಸಂಬಂಧದ ಲೆಕ್ಕ. ಆದರೆ ಅದಕ್ಕೊಂದು ಪ್ರತ್ಯೇಕ ಪುಟ ಇರಬೇಕು. ನಿಮ್ಮ ಮನೆ ಕಾರ್ಯಕ್ಕೆ ಬಂದ ಮುಯ್ಯಿಯ ಪಟ್ಟಿ ಹೇಗೆ ಬರೆದಿಡುತ್ತೀರೋ ಹಾಗೆಯೇ ಕೊಟ್ಟದ್ದನ್ನೂ ಬರೆಯಿರಿ.

ಫೋನಿನಲ್ಲಿ ಕೊಟ್ಟ ಹಣ ಫೋನಿನಲ್ಲೇ ದಾಖಲಾಗಿರುತ್ತದೆ. ಭಾನುವಾರ ಸಂಜೆ ಅದನ್ನು ತೆಗೆದು ನೋಟ್‌ಬುಕ್ಕಿಗೆ ಇಳಿಸಿ. ತಿಂಗಳ ಕೊನೆಗೆ ಒಟ್ಟು ಮಾಡಿದರೆ ಮನೆ ನಡೆಯಲು ತಿಂಗಳಿಗೆ ಎಷ್ಟು ಬೇಕು ಎಂಬ ಒಂದೇ ಅಂಕಿ ಸಿಗುತ್ತದೆ. ಮುಂದಿನ ಎಲ್ಲ ಲೆಕ್ಕಕ್ಕೂ ಅದೇ ಅಳತೆಗೋಲು.

ಇನ್ನೊಂದು ಪುಟದಲ್ಲಿ ವರ್ಷಕ್ಕೊಮ್ಮೆ ಬರುವ ದೊಡ್ಡ ಖರ್ಚುಗಳನ್ನು ತಿಂಗಳ ಸಮೇತ ಬರೆಯಿರಿ. ಜೂನ್‌ನಲ್ಲಿ ಶಾಲೆ ಕಾಲೇಜಿನ ಶುಲ್ಕ, ಊರಹಬ್ಬ, ಗೌರಿ ಗಣೇಶ, ಬೈಕಿನ ವಿಮೆ, ಕೂಳೆ ಬೆಳೆಗೆ ಗೊಬ್ಬರ. ಇವು ಯಾವುವೂ ಹೇಳದೆ ಕೇಳದೆ ಬರುವ ಖರ್ಚುಗಳಲ್ಲ. ಆದರೂ ಕೈಸಾಲದ ಬಹುಪಾಲು ಇವುಗಳಿಗೇ ಆಗುತ್ತದೆ, ಜೂನ್ ಬರುತ್ತದೆಂದು ಡಿಸೆಂಬರಿನಲ್ಲಿ ಯಾರೂ ಬರೆದಿಟ್ಟಿರುವುದಿಲ್ಲ.

ಬಿಲ್ಲು ಎಷ್ಟು ಬರುತ್ತದೆ

ಅಂದಾಜು ಮಾಡುವಾಗ ಹೆಚ್ಚಿನವರು ತಪ್ಪುವುದು ಇಲ್ಲೇ. 2025–26ರ ಹಂಗಾಮಿಗೆ ಕಾರ್ಖಾನೆ ಕೊಡಲೇಬೇಕೆಂದು ಕೇಂದ್ರ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ ಟನ್ನಿಗೆ 3,550 ರೂ. ಆದರೆ ಅದು ಶೇ. 10.25 ಸಕ್ಕರೆ ಇಳುವರಿಗೆ, ಅಂದರೆ ನೂರು ಕೆಜಿ ಕಬ್ಬಿನಿಂದ 10.25 ಕೆಜಿ ಸಕ್ಕರೆ ಬಂದರೆ. ಇಳುವರಿ ಶೇ. 9.5ಕ್ಕಿಂತ ಕಡಿಮೆ ಇರುವ ಕಾರ್ಖಾನೆಯಲ್ಲಿ ಅದು 3,290.50 ರೂ. ಇದರಲ್ಲೂ ಕಟಾವು ಮತ್ತು ಸಾಗಣೆ ಖರ್ಚು ಮುರಿದುಕೊಂಡು ಮಿಕ್ಕದ್ದು ಖಾತೆಗೆ ಬರುತ್ತದೆ. ಹಾಗಾಗಿ ಪೇಪರಿನಲ್ಲಿ ಓದಿದ ದರಕ್ಕೆ ಟನ್ ಗುಣಿಸಬೇಡಿ. ಹೋದ ವರ್ಷದ ಬಿಲ್ಲಿನ ಚೀಟಿ ತೆಗೆದು, ಕೈಗೆ ಬಂದ ಹಣವನ್ನು ಟನ್ನಿನಿಂದ ಭಾಗಿಸಿ. ಅದೇ ನಿಮ್ಮ ನಿಜವಾದ ದರ.

ಕಬ್ಬು ನಿಯಂತ್ರಣ ಆದೇಶ 1966ರ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು. ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಕೇಳುವ ಹಕ್ಕು ರೈತನಿಗಿದೆ. ಹಕ್ಕು ಇದೆ ಎಂದು ಅದರ ಮೇಲೆ ಸಂಸಾರ ನಡೆಸಲಾಗದು. ಕಟಾವಿನ ಸರದಿ ತಡವಾಗಬಹುದು, ಆಳು ಸಿಗದಿರಬಹುದು, ಬಿಲ್ಲು ಕಂತಿನಲ್ಲಿ ಬರಬಹುದು. ಆದ್ದರಿಂದಲೇ ಬಿಲ್ಲನ್ನು ಹನ್ನೆರಡು ತಿಂಗಳಿಗೆ ಹಂಚಬಾರದು, ಹದಿನಾಲ್ಕಕ್ಕೆ ಹಂಚಬೇಕು. ಹನ್ನೆರಡಕ್ಕೆ ಹಂಚಿದವರು ಹದಿಮೂರನೇ ತಿಂಗಳಲ್ಲಿ ಒಡವೆ ಹಿಡಿದುಕೊಂಡು ಹೊರಡಬೇಕಾಗುತ್ತದೆ.

ಒಂದು ಮನೆಯ ಲೆಕ್ಕ

ಎರಡು ಎಕರೆ ಕಬ್ಬು, ಎರಡು ಹಸು, ಪಿಯುಸಿ ಓದುವ ಮಗ, ಏಳು ವರ್ಷದ ಮಗಳು ಇರುವ ಮನೆ ಎಂದುಕೊಳ್ಳಿ. ಎಕರೆಗೆ 40 ಟನ್‌ನಂತೆ 80 ಟನ್, ಕೈಗೆ ಬಂದದ್ದು ಟನ್ನಿಗೆ 2,700 ರೂ. ಒಟ್ಟು 2,16,000 ರೂ.

ಮೊದಲು ಸೊಸೈಟಿಯ ಬೆಳೆಸಾಲ 60,000 ರೂ. ಕಟ್ಟಿದರೆ 1,56,000 ಉಳಿಯಿತು. ಈ ಸಾಲ ತೀರಿಸಿದ ಮೇಲೆ ಹೊಸದಾಗಿ ಮತ್ತೆ ಸಿಗುತ್ತದೆ. ಹಾಗೆ ಬಂದ 60,000 ಮುಂದಿನ ಬೆಳೆಯ ಗೊಬ್ಬರ, ಕಳೆ, ಆಳಿಗೆ ಮಾತ್ರ. ಅದನ್ನು ಮನೆ ಲೆಕ್ಕಕ್ಕೆ ಬೆರೆಸಲೇಬೇಡಿ. ಆಮೇಲೆ ಅಡವಿಟ್ಟ ಒಡವೆ ಬಿಡಿಸಲು ಬಡ್ಡಿ ಸೇರಿ 44,000, ಉಳಿದದ್ದು 1,12,000. ಮಕ್ಕಳ ಶುಲ್ಕಕ್ಕೆ 25,000, ಹಬ್ಬ ಮತ್ತು ಮುಯ್ಯಿಗೆ 10,000, ವಿಮೆಗೆ 1,500, ಆಪತ್ತಿಗೆಂದು 20,000 ತೆಗೆದಿಟ್ಟರೆ 55,500 ರೂ. ಉಳಿಯಿತು.

ಇದನ್ನು 14ರಿಂದ ಭಾಗಿಸಿದರೆ ತಿಂಗಳಿಗೆ ಹತ್ತಿರ ಹತ್ತಿರ 4,000 ರೂ. ಹಿಂಡಿ ಬೂಸಾ ಖರ್ಚು ಕಳೆದು ಡೇರಿ ಬಟವಾಡೆಯಲ್ಲಿ 6,000 ಉಳಿಯುವುದಾದರೆ ಮನೆಯ ಸಂಬಳ 10,000 ರೂ. ನೋಟ್‌ಬುಕ್ಕಿನ ಅಂಕಿ 13,000 ಎಂದು ಹೇಳುತ್ತಿದ್ದರೆ ತಿಂಗಳಿಗೆ 3,000 ಕೊರತೆ ಎಂದು ಇವತ್ತೇ ಗೊತ್ತಾಯಿತು. ಗೊತ್ತಾದರೆ ದಾರಿ ಹುಡುಕಬಹುದು. ಇನ್ನೊಂದು ಹಸು ಕಟ್ಟಬಹುದು, ಹತ್ತು ಗುಂಟೆಗೆ ಸೊಪ್ಪು ತರಕಾರಿ ಹಾಕಬಹುದು, ಅಥವಾ ಖರ್ಚಿನ ಪುಟ ತಿರುಗಿಸಿ ಎಲ್ಲಿ ಕೈ ಹಿಡಿಯಬಹುದು ಎಂದು ನೋಡಬಹುದು. ಗೊತ್ತಾಗದಿದ್ದರೆ ಅದೇ 3,000 ಪ್ರತಿ ತಿಂಗಳೂ ಕೈಸಾಲವಾಗಿ ಬೆಳೆಯುತ್ತದೆ.

ಗೃಹಲಕ್ಷ್ಮಿಯ 2,000 ರೂ. ಮತ್ತು ಪಿಎಂ ಕಿಸಾನ್‌ನ ವರ್ಷಕ್ಕೆ ಮೂರು ಬಾರಿಯ 2,000 ರೂ. ಈ ಸಂಬಳಕ್ಕೆ ಸೇರಿಸಿಲ್ಲ, ಬೇಕೆಂದೇ. ಅವು ಬರುವ ದಿನ ನಮ್ಮ ಕೈಯಲ್ಲಿಲ್ಲ. ಬಂದಾಗ ಬಂದ ಹಾಗೇ ಉಳಿತಾಯಕ್ಕೆ ಹೋಗಲಿ. ಬಡತನ ತೀರಾ ಕಚ್ಚುವ ಮನೆಯಲ್ಲಿ ಇದು ಆಗದ ಮಾತು ಎಂದು ಗೊತ್ತು, ಅಂಥ ಮನೆಯವರು ಆ ಹಣವನ್ನು ದಿನಸಿಗೇ ಬಳಸಲಿ. ಉಳಿದವರು ದಯವಿಟ್ಟು ಬೇರೆ ಇಡಿ.

55,500 ರೂ. ಎಲ್ಲಿಡಬೇಕು

ಫೋನ್ ಪೇ, ಗೂಗಲ್ ಪೇ ಜೋಡಿಸಿರುವ ಖಾತೆಯಲ್ಲಿ ಬಿಲ್ಲಿನ ಹಣ ಇಟ್ಟರೆ ಅದು ನಿಲ್ಲುವುದಿಲ್ಲ. ಎರಡು ಖಾತೆ ಬೇಕು. ಒಂದು ಗಂಟಿನ ಖಾತೆ, ಇದಕ್ಕೆ ಎಟಿಎಂ ಕಾರ್ಡೂ ಬೇಡ, ಯುಪಿಐ ಜೋಡಣೆಯೂ ಬೇಡ. ಇನ್ನೊಂದು ಮನೆ ಖಾತೆ, ದಿನದ ಖರ್ಚೆಲ್ಲ ಇದರಲ್ಲೇ. ಮನೆ ಖಾತೆ ಮನೆಯೊಡತಿಯ ಹೆಸರಿನಲ್ಲಿದ್ದರೆ ಒಳ್ಳೆಯದು, ಅಡುಗೆಮನೆಯಲ್ಲಿ ಏನು ಮುಗಿದಿದೆ ಎಂದು ಗೊತ್ತಿರುವವರ ಕೈಯಲ್ಲಿ ಲೆಕ್ಕ ಚೆನ್ನಾಗಿ ನಿಲ್ಲುತ್ತದೆ.

ಮೊದಲ ಮೂರು ತಿಂಗಳ 12,000 ಗಂಟಿನ ಖಾತೆಯಲ್ಲೇ ಇರಲಿ. 12,000ದ ಒಂದು ಎಫ್‌ಡಿ 91 ದಿನಕ್ಕೆ, ಇನ್ನೊಂದು 12,000 ಆರು ತಿಂಗಳಿಗೆ, ಮತ್ತೊಂದು 12,000 ಒಂಬತ್ತು ತಿಂಗಳಿಗೆ. ಕೊನೆಯ 7,500 ಒಂದು ವರ್ಷಕ್ಕೆ. ಪ್ರತಿ ಮೂರು ತಿಂಗಳಿಗೊಮ್ಮೆ ಒಂದು ಎಫ್‌ಡಿ ಮುಗಿದು ಮುಂದಿನ ಮೂರು ತಿಂಗಳ ಸಂಬಳ ಖಾತೆಗೆ ಬರುತ್ತದೆ. ಕೊನೆಯ ಎರಡು ತಿಂಗಳಿಗೆ ಕಡಿಮೆ ಬೀಳುವ 500 ರೂಪಾಯಿಯನ್ನು ಬಡ್ಡಿಯೇ ತುಂಬುತ್ತದೆ. ಎಫ್‌ಡಿ ಮಾಡಿಸುವಾಗ ಅರ್ಜಿಯಲ್ಲಿ ತಾನಾಗಿ ನವೀಕರಣ ಬೇಡ, ಅವಧಿ ಮುಗಿದಾಗ ಖಾತೆಗೆ ಜಮಾ ಮಾಡಿ ಎಂಬುದಕ್ಕೆ ಗುರುತು ಹಾಕಿಸಿ. ಇದನ್ನು ಮರೆತರೆ ಎಫ್‌ಡಿ ಮತ್ತೆ ಅಷ್ಟೇ ಅವಧಿಗೆ ಮುಂದುವರಿಯುತ್ತದೆ, ನಡುವೆ ಮುರಿದರೆ ಬಡ್ಡಿ ಕಡಿತವಾಗುತ್ತದೆ.

ಗಂಟಿನ ಖಾತೆಯಿಂದ ಮನೆ ಖಾತೆಗೆ ಪ್ರತಿ ತಿಂಗಳ 5ನೇ ತಾರೀಕು 4,000 ರೂ. ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಬರೆದುಕೊಡಿ. ಒಂದು ಫಾರಂ ತುಂಬುವ ಕೆಲಸ. ಇದೊಂದು ಮಾಡಿದ ಮನೆಗೂ ಮಾಡದ ಮನೆಗೂ ಆರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಬಿಲ್ಲು ಬಂದ ಮೊದಲ ಹತ್ತು ದಿನ ಹೊಸ ಖರೀದಿ ಯಾವುದೂ ಬೇಡ. ಬೈಕ್, ಟಿವಿ, ಫೋನುಗಳ ಮುಂಗಡ ಕಟ್ಟುವುದು ಈ ಹತ್ತು ದಿನದಲ್ಲೇ. ಮುಂಗಡ ಗಂಟಿನಿಂದ ಹೋಗುತ್ತದೆ, ಕಂತು ಮಾತ್ರ ಪ್ರತಿ ತಿಂಗಳು ಬರುತ್ತದೆ. ತಿಂಗಳ ಆದಾಯ ಗಟ್ಟಿಯಿಲ್ಲದ ಮನೆ ತಿಂಗಳ ಕಂತಿಗೆ ಕೈ ಹಾಕಿದರೆ ಮೂರನೆಯದೋ ನಾಲ್ಕನೆಯದೋ ತಪ್ಪುತ್ತದೆ, ಬೌನ್ಸ್ ಚಾರ್ಜ್ ಬೀಳುತ್ತದೆ, ಸಾಲ ಸರಿಯಾಗಿ ಕಟ್ಟಿದ್ದಕ್ಕೆ ಕೊಡುವ ಸಿಬಿಲ್ ಅಂಕ ಇಳಿಯುತ್ತದೆ. ಆಮೇಲೆ ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗ ಆ ಹಳೆಯ ಕಂತು ಎದುರಿಗೆ ಬಂದು ನಿಲ್ಲುತ್ತದೆ.

ಸಾಲ: ತಾರೀಕು ಮೊದಲು, ಬಡ್ಡಿ ಆಮೇಲೆ

ನಮ್ಮ ಕಡೆ ಬಡ್ಡಿಯನ್ನು ನೂರಕ್ಕೆ ತಿಂಗಳಿಗೆ ಇಷ್ಟು ರೂಪಾಯಿ ಎಂದು ಹೇಳುವ ರೂಢಿ. ಎರಡು ರೂಪಾಯಿ ಬಡ್ಡಿ ಎಂದಾಗ ಕಿವಿಗೆ ಕಡಿಮೆ ಅನ್ನಿಸುತ್ತದೆ, ವರ್ಷಕ್ಕೆ ಅದು ಶೇ. 24. ಮೂರು ರೂಪಾಯಿ ಶೇ. 36, ಐದು ರೂಪಾಯಿ ಶೇ. 60, ಹತ್ತು ರೂಪಾಯಿ ಶೇ. 120. ಯಾರು ಏನೇ ಹೇಳಿದರೂ ಹನ್ನೆರಡರಿಂದ ಗುಣಿಸಿ ನೋಟ್‌ಬುಕ್ಕಿಗೆ ಬರೆಯಿರಿ. ಎಲ್ಲ ಸಾಲವೂ ಒಂದೇ ಅಳತೆಗೆ ಬಂದಾಗ ಯಾವುದು ಮನೆ ತಿನ್ನುತ್ತಿದೆ ಎಂದು ಕಾಣುತ್ತದೆ.

ಸೊಸೈಟಿಯ ಬೆಳೆಸಾಲ ಗಡುವಿನೊಳಗೆ ಕಟ್ಟಿದರೆ ರಾಜ್ಯ ಸರ್ಕಾರದ ಯೋಜನೆಯಲ್ಲಿ ಬಡ್ಡಿ ಇಲ್ಲ. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಬೆಳೆಸಾಲಕ್ಕೆ 3 ಲಕ್ಷದವರೆಗೆ ಶೇ. 7, ಸಮಯಕ್ಕೆ ಕಟ್ಟಿದರೆ ಶೇ. 3 ರಿಯಾಯಿತಿ ಸಿಕ್ಕಿ ಶೇ. 4. ಗಡುವು ಒಂದು ದಿನ ಮೀರಿದರೂ ರಿಯಾಯಿತಿ ಹೋಗುತ್ತದೆ. ಆದ್ದರಿಂದ ಬಡ್ಡಿ ಕಡಿಮೆ ಇದ್ದರೂ ಇದಕ್ಕೇ ಮೊದಲ ಸ್ಥಾನ. ಗಡುವಿನ ತಾರೀಕನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ, ಒಂದು ತಿಂಗಳು ಮುಂಚೆ ಇನ್ನೊಂದು ಗುರುತು ಹಾಕಿ. ಬಿಲ್ಲು ಬರುವುದು ಗಡುವಿನ ನಂತರ ಎಂದು ಕಂಡರೆ ಮುಂಚೆಯೇ ಸೊಸೈಟಿ ಕಾರ್ಯದರ್ಶಿಯನ್ನು ಕಂಡು ಮಾತಾಡಿ.

ತಾರೀಕಿನ ಸಾಲ ಮುಗಿದ ಮೇಲೆ ಉಳಿದವನ್ನು ಬಡ್ಡಿ ಹೆಚ್ಚಿದ್ದದ್ದರಿಂದ ಶುರು ಮಾಡಿ ತೀರಿಸಿ. ಜನ ಮಾಡುವುದು ಇದಕ್ಕೆ ಉಲ್ಟಾ. ಮನೆ ಬಾಗಿಲಿಗೆ ಬಂದು ಕೇಳುವವರಿಗೆ ಮೊದಲು ಕೊಡುತ್ತಾರೆ, ಮೂರು ರೂಪಾಯಿ ಬಡ್ಡಿಯ ಕೈಸಾಲ ನೆಂಟರದ್ದಲ್ಲವೇ ಎಂದು ಹಾಗೇ ಬಿಡುತ್ತಾರೆ. 30,000 ರೂ. ಕೈಸಾಲಕ್ಕೆ ಮೂರು ರೂಪಾಯಿಯಂತೆ ವರ್ಷಕ್ಕೆ 10,800 ರೂ. ಬಡ್ಡಿ. ಅದೇ 30,000ಕ್ಕೆ ಶೇ. 12ರ ಒಡವೆ ಸಾಲ ತೆಗೆದು ಕೈಸಾಲ ತೀರಿಸಿದರೆ ಬಡ್ಡಿ 3,600 ರೂ. ಉಳಿದ 7,200 ರೂ. ಮಗಳ ಒಂದು ವರ್ಷದ ಉಳಿತಾಯಕ್ಕೆ ಸಾಕು.

ಒಡವೆ ಇಡುವಾಗ ಎಲ್ಲವನ್ನೂ ಒಂದೇ ಸಾಲಕ್ಕೆ ಇಡಬೇಡಿ. ಸರಕ್ಕೊಂದು, ಬಳೆಗೊಂದು ಎಂದು ಬೇರೆ ಬೇರೆ ಚೀಟಿ ಮಾಡಿಸಿ. ಸ್ವಲ್ಪ ಹಣ ಬಂದಾಗ ಒಂದನ್ನಾದರೂ ಬಿಡಿಸಿಕೊಳ್ಳಬಹುದು. ಅವಧಿ ಮುಗಿಯುವವರೆಗೆ ಕಾಯದೆ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನಾದರೂ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಹರಾಜಿನ ನೋಟಿಸು ಹಳೆಯ ವಿಳಾಸಕ್ಕೆ ಹೋಗಿ ಮನೆಯವರಿಗೆ ಗೊತ್ತೇ ಆಗದಿರುವ ಅಪಾಯವಿದೆ, ವಿಳಾಸ ಮತ್ತು ಫೋನ್ ನಂಬರ್ ಸರಿಯಿದೆಯೇ ಎಂದು ನೋಡಿ.

ಮೈಕ್ರೋಫೈನಾನ್ಸ್ ಸಾಲದಲ್ಲಿ ಫ್ಲಾಟ್ ಬಡ್ಡಿ ಎಂಬ ಮಾತು ಕೇಳಿದರೆ ನಿಂತು ಲೆಕ್ಕ ಹಾಕಿ. 50,000 ರೂ. ಸಾಲ, ವರ್ಷಕ್ಕೆ ಶೇ. 12 ಫ್ಲಾಟ್, 12 ಕಂತು ಎಂದರೆ ಬಡ್ಡಿ 6,000, ತಿಂಗಳ ಕಂತು ಸುಮಾರು 4,667 ರೂ. ಆದರೆ ಪ್ರತಿ ಕಂತಿನಲ್ಲೂ ಅಸಲು ಕರಗುತ್ತಿದೆ, ಬಡ್ಡಿ ಮಾತ್ರ ಪೂರ್ತಿ 50,000ದ ಮೇಲೇ ಬಿದ್ದಿದೆ. ಉಳಿಕೆ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇ. 21ಕ್ಕಿಂತ ಹೆಚ್ಚು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಕೊಡುವ ಈ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಮುಂಚೆಯೇ ತೀರಿಸಿದರೆ ದಂಡ ಹಾಕುವಂತಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅರ್ಧವೂ ಜಾಸ್ತಿ, ಕಬ್ಬಿನ ಮನೆಗೆ ಮೂರನೇ ಒಂದು ಪಾಲೇ ಮಿತಿ. ವಸೂಲಿಗೆಂದು ಬೆದರಿಸುವುದು, ಮನೆ ಮುಂದೆ ಕೂರುವುದು ಶಿಕ್ಷಾರ್ಹವಾಗುವಂತೆ 2025ರಲ್ಲಿ ರಾಜ್ಯ ಕಾನೂನು ತಂದಿದೆ. ಅಂಥದ್ದಾದರೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ.

ಜಾಮೀನು ಹಾಕುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಸಾಲ ಪೂರ್ತಿ ನಾನೇ ಕಟ್ಟಬೇಕಾಗಿ ಬಂದರೆ ಆಗುತ್ತದೆಯೇ? ಬ್ಯಾಂಕಿನ ಲೆಕ್ಕದಲ್ಲಿ ಜಾಮೀನುದಾರನೂ ಸಾಲಗಾರನಷ್ಟೇ ಹೊಣೆ.

ಚೀಟಿ

ಇಪ್ಪತ್ತು ಜನ ತಿಂಗಳಿಗೆ 5,000 ಹಾಕಿ ಒಂದು ಲಕ್ಷದ ಚೀಟಿ ನಡೆಸುವುದು ಊರೂರಿನಲ್ಲೂ ಇದೆ. ಮೊದಲು ಕೂಗಿ ಎತ್ತಿಕೊಂಡವರಿಗೆ ಅದು ಸಾಲ, ಕೊನೆಯವರೆಗೆ ಕಾದವರಿಗೆ ಉಳಿತಾಯ. ಕೊನೆಯವರೆಗೆ ಕಾಯುವವರೇ ಹೆಚ್ಚು ಅಪಾಯದಲ್ಲಿರುತ್ತಾರೆ, ಏಕೆಂದರೆ ಎತ್ತಿದವರು ಕಟ್ಟುವುದು ನಿಲ್ಲಿಸಿದರೆ ಅಥವಾ ಚೀಟಿ ನಡೆಸುವವರು ಊರು ಬಿಟ್ಟರೆ ಅವರ ಕೈಯಲ್ಲಿ ಕಾಗದವೇ ಇರುವುದಿಲ್ಲ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಯಲ್ಲಿ ಒಪ್ಪಂದ ಪತ್ರವಿರುತ್ತದೆ, ನಡೆಸುವವರ ಕಮಿಷನ್ ಶೇ. 7 ಮೀರುವಂತಿಲ್ಲ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚಿಟ್ ನಡೆಸುತ್ತದೆ. ಚೀಟಿಯೇ ಬೇಕೆಂದರೆ ಅಂಥ ಕಡೆ ಹಾಕಿ. ಊರ ಚೀಟಿ ಹಾಕಲೇಬೇಕಾದರೆ ಕಳೆದುಹೋದರೂ ಮನೆ ನಿಲ್ಲುವಷ್ಟಕ್ಕೆ ಮಾತ್ರ.

ಆಪತ್ತಿಗೆ 20,000, ಮತ್ತು ವಿಮೆ

ಬಿಪಿಎಲ್ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಸ್ಥಿತಿ ಬಿಟ್ಟರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ನೇರವಾಗಿ ಮೈಸೂರಿನ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾಗಿ ಆಮೇಲೆ ಕಾರ್ಡ್ ತೋರಿಸಿದರೆ ಆಗುವುದಿಲ್ಲ, ಈ ತಪ್ಪಿಗೆ ತುಂಬಾ ಮನೆಗಳು ದುಡ್ಡು ಕಳೆದುಕೊಂಡಿವೆ. ಸೊಸೈಟಿ ಅಥವಾ ಡೇರಿ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಗೂ ಸೇರಬಹುದು, ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂ. ನೋಂದಣಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ, ಡೇರಿಯಲ್ಲಿ ಕೇಳುತ್ತಿರಿ. ಈ ಯೋಜನೆಗಳು ಆಪರೇಷನ್ ಖರ್ಚು ನೋಡಿಕೊಳ್ಳುತ್ತವೆ. ಹೊರಗಿನ ಮಾತ್ರೆ, ಓಡಾಟ, ಜೊತೆಗಿದ್ದವರ ಊಟ, ಆ ಹದಿನೈದು ದಿನ ಹಸು ನೋಡಿಕೊಂಡವರ ಕೂಲಿ ನಮ್ಮದೇ. ಆ 20,000 ಇರುವುದು ಇದಕ್ಕೆ. ಅದನ್ನು ಎಫ್‌ಡಿ ಮಾಡಿ, ಬಡ್ಡಿ ನೋಡಬೇಡಿ, ಒಂದೇ ದಿನದಲ್ಲಿ ಮುರಿಯಲು ಆಗುವಂತಿದ್ದರೆ ಸಾಕು.

ಜೀವ ವಿಮೆಗೆ ಬ್ಯಾಂಕಿನಲ್ಲೇ ಸಿಗುವ ಎರಡು ಯೋಜನೆ ಮೊದಲು ಮಾಡಿಸಿ. ಪ್ರಧಾನಮಂತ್ರಿ ಜೀವನ ಜ್ಯೋತಿಗೆ ವರ್ಷಕ್ಕೆ 436 ರೂ., ಯಾವ ಕಾರಣಕ್ಕೆ ಸತ್ತರೂ 2 ಲಕ್ಷ, ಸೇರುವ ವಯಸ್ಸು 18ರಿಂದ 50. ಹೊಸದಾಗಿ ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಪರಿಹಾರ. ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ 20 ರೂ., ಅಪಘಾತದಲ್ಲಿ ಸತ್ತರೆ 2 ಲಕ್ಷ, ವಯಸ್ಸು 18ರಿಂದ 70. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದರೂ, ತೆಂಗಿನಮರದಿಂದ ಬಿದ್ದರೂ ಇದು ಅನ್ವಯಿಸುತ್ತದೆ. ಆದರೆ ಆಸ್ಪತ್ರೆಯ ದಾಖಲೆಯಲ್ಲಿ ಕಾರಣ ಬರೆದಿರಬೇಕು. ನಾಟಿ ಔಷಧಿಗೆಂದು ಅಲ್ಲಿ ಇಲ್ಲಿ ಓಡಾಡಿ ಆಸ್ಪತ್ರೆ ಮುಟ್ಟದೆ ಜೀವ ಹೋದರೆ ಪರಿಹಾರವೂ ಹೋಗುತ್ತದೆ. ಜೀವ ಉಳಿಯಬೇಕಾದರೂ ಮೊದಲು ಹೋಗಬೇಕಾದ್ದು ಆಸ್ಪತ್ರೆಗೇ.

ಎರಡರ ಹಣವೂ ಮೇ ಕೊನೆಯ ವಾರ ಖಾತೆಯಿಂದ ಕಡಿತವಾಗುತ್ತದೆ, ವಿಮೆಯ ವರ್ಷ ಜೂನ್ 1ರಿಂದ ಮೇ 31. ಮೇ 20ರೊಳಗೆ ಖಾತೆಯಲ್ಲಿ ಒಬ್ಬರಿಗೆ 456 ರೂ. ಇರುವಂತೆ ನೋಡಿಕೊಳ್ಳಿ. ಎರಡು ಬ್ಯಾಂಕಿನಲ್ಲಿ ಎರಡು ಸಲ ಕಡಿತವಾಗುತ್ತಿದ್ದರೆ ಒಂದನ್ನು ನಿಲ್ಲಿಸಿ, ಪರಿಹಾರ ಒಂದಕ್ಕೇ ಸಿಗುವುದು.

ಏಜೆಂಟರು ತರುವ, ವಿಮೆಗೆ ಉಳಿತಾಯ ಬೆರೆಸಿದ ಮನಿಬ್ಯಾಕ್, ಎಂಡೋಮೆಂಟ್ ಪಾಲಿಸಿಗಳು ಕಬ್ಬಿನ ಮನೆಗೆ ಹೊಂದುವುದಿಲ್ಲ. ಪ್ರೀಮಿಯಂ ದೊಡ್ಡದು, ವಿಮೆಯ ಮೊತ್ತ ಚಿಕ್ಕದು, ಎರಡು ಕಂತು ಕಟ್ಟಿ ಬಿಟ್ಟರೆ ಕಟ್ಟಿದ್ದರಲ್ಲಿ ಬಹುಪಾಲು ಹೋಗುತ್ತದೆ. ಹೆಚ್ಚಿನ ವಿಮೆ ಬೇಕಾದರೆ ಸತ್ತರೆ ಮಾತ್ರ ಹಣ ಬರುವ ಬರೀ ಟರ್ಮ್ ಪಾಲಿಸಿ ತೆಗೆದುಕೊಳ್ಳಿ, ಪ್ರೀಮಿಯಂ ವರ್ಷಕ್ಕೊಮ್ಮೆ, ಬಿಲ್ಲು ಬರುವ ತಿಂಗಳ ನಂತರದ ತಿಂಗಳಿಗೆ ಬೀಳುವಂತೆ ಮಾಡಿಸಿ.

ದೂರದ ಉಳಿತಾಯ

ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದರೆ ಸುಕನ್ಯಾ ಸಮೃದ್ಧಿ. ಅಂಚೆ ಕಚೇರಿಯಲ್ಲಿ 250 ರೂ.ಗೆ ತೆರೆಯುತ್ತಾರೆ, ಬಡ್ಡಿ ಶೇ. 8.2, ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ. ಆರ್‌ಡಿಯಂತೆ ಪ್ರತಿ ತಿಂಗಳು ಕಟ್ಟಲೇಬೇಕು ಎಂಬ ಕಟ್ಟುಪಾಡಿಲ್ಲ, ವರ್ಷದಲ್ಲಿ 250 ರೂ.ನಿಂದ 1.5 ಲಕ್ಷದವರೆಗೆ ಕೈಗೆ ಬಂದಾಗ ಕಟ್ಟಬಹುದು. ಗಂಟಾಗಿ ಹಣ ಬರುವ ಮನೆಗೆ ಹೇಳಿ ಮಾಡಿಸಿದ ಹಾಗಿದೆ. ಪ್ರತಿ ತಿಂಗಳ 5ರಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಇದ್ದ ಅತಿ ಕಡಿಮೆ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕುವುದರಿಂದ 5ನೇ ತಾರೀಕಿನೊಳಗೆ ಕಟ್ಟಿ. ವರ್ಷಕ್ಕೆ 10,000ದಂತೆ 15 ವರ್ಷ ಕಟ್ಟಿದರೆ ದರ ಹೀಗೇ ಇದ್ದಲ್ಲಿ 21ನೇ ವರ್ಷಕ್ಕೆ ಸುಮಾರು 4.75 ಲಕ್ಷವಾಗುತ್ತದೆ. ಆ 21 ವರ್ಷ ಖಾತೆ ತೆರೆದ ದಿನದಿಂದ, ಮಗು ಹುಟ್ಟಿದ ದಿನದಿಂದಲ್ಲ. ಏಳನೇ ವರ್ಷಕ್ಕೆ ತೆರೆದರೆ ಮಗಳಿಗೆ 28 ಆಗಿರುತ್ತದೆ. 18 ತುಂಬಿದ ಮೇಲೆ ಓದಿಗೆಂದು ಅರ್ಧದವರೆಗೆ ತೆಗೆಯಬಹುದು.

ಮುಪ್ಪಿಗೆ ಅಟಲ್ ಪಿಂಚಣಿ, 18ರಿಂದ 40 ವರ್ಷದವರಿಗೆ, ಆದಾಯ ತೆರಿಗೆ ಕಟ್ಟುವವರಿಗಿಲ್ಲ. 60ರ ನಂತರ ತಿಂಗಳಿಗೆ 5,000 ಬೇಕೆಂದರೆ 18ರಲ್ಲಿ ಸೇರಿದವರು ತಿಂಗಳಿಗೆ 210 ರೂ., 30ರಲ್ಲಿ ಸೇರಿದವರು 577 ರೂ., 40ರಲ್ಲಿ ಸೇರಿದವರು 1,454 ರೂ. ಕಟ್ಟಬೇಕು. ತಡಮಾಡಿದ್ದಕ್ಕೆ ಎಷ್ಟು ಬೆಲೆ ಎಂದು ಈ ಮೂರು ಅಂಕಿಗಳಲ್ಲೇ ಇದೆ. ಕಂತನ್ನು ಆರು ತಿಂಗಳಿಗೊಮ್ಮೆ ಕಟ್ಟುವ ಆಯ್ಕೆಯೂ ಇದೆ, ಅದನ್ನೇ ಆರಿಸಿ.

ಮಗನೋ ಮಗಳೋ ಗಾರ್ಮೆಂಟ್ಸಿಗೆ ಅಥವಾ ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ ಕಡೆಯ ಕಾರ್ಖಾನೆಗೆ ಹೋಗುತ್ತಿದ್ದರೆ ಅವರ ಪಿಎಫ್ ಬೇರೆ ಉಳಿತಾಯಕ್ಕಿಂತ ಗಟ್ಟಿ. ಕೆಲಸ ಬದಲಿಸಿದಾಗಲೆಲ್ಲ ಅದನ್ನು ಬಿಡಿಸಿಕೊಳ್ಳದೆ, ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಯಾದ ಅದೇ ಯುಎಎನ್‌ಗೆ ವರ್ಗಾಯಿಸಿ.

ಇಡುವ ಜಾಗ ಗಟ್ಟಿ ಇದೆಯೇ

ಬ್ಯಾಂಕಿನಲ್ಲಿಟ್ಟ ಹಣಕ್ಕೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮಾ ನಿಗಮದ (ಡಿಐಸಿಜಿಸಿ) ವಿಮೆ ಇದೆ, ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಅವೆಲ್ಲ ಕೆಟ್ಟವು ಎಂದಲ್ಲ, ಚೆನ್ನಾಗಿ ನಡೆಯುವವು ಬೇಕಾದಷ್ಟಿವೆ. ಆದರೆ ಶೇ. 2 ಹೆಚ್ಚು ಬಡ್ಡಿಗೆಂದು ಜಮೀನು ಮಾರಿದ ಹಣವನ್ನೆಲ್ಲ ಅಲ್ಲಿಡುವುದು ಬೇಡ. 10,000 ರೂ. ಮೇಲೆ ಶೇ. 2 ಎಂದರೆ ವರ್ಷಕ್ಕೆ 200 ರೂ. ಆ 200ಕ್ಕೆ 10,000ವನ್ನು ಪಣಕ್ಕಿಡುತ್ತೇವೆಯೇ ಎಂದು ಕೇಳಿಕೊಳ್ಳಿ. ವರ್ಷದಲ್ಲಿ ಡಬಲ್ ಎಂದವರ ಮಾತಂತೂ ಕೇಳಲೇಬೇಡಿ. ಫೋನಿನಲ್ಲಿ ಮೋಸವಾಗಿ ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ, ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕಾಗದ ಪತ್ರ

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಖಾತೆಗಳು, ಎಫ್‌ಡಿ, ವಿಮೆ, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು ಎಲ್ಲ ಬರೆದು ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿಡಿ. ಪಿನ್ ನಂಬರ್ ಬರೆಯಬೇಡಿ. ಪ್ರತಿ ಖಾತೆಗೂ ನಾಮಿನಿ ಇದ್ದಾರೆಯೇ ನೋಡಿ. ಮದುವೆಗೆ ಮುಂಚೆ ತೆರೆದ ಖಾತೆಯಲ್ಲಿ ತೀರಿಹೋದ ತಂದೆಯ ಹೆಸರೇ ಉಳಿದಿರಬಹುದು. ನಾಮಿನಿ ಎಂದರೆ ಹಣ ಕೈಗೆ ಪಡೆಯುವವರು, ಅದರ ಹಕ್ಕು ವಾರಸುದಾರರದ್ದು.

ಇಷ್ಟೆಲ್ಲ ಮಾಡಿಯೂ ಜಮೀನಿನ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಮೇಲಿನ ಲೆಕ್ಕದ ಅರ್ಧ ನಡೆಯುವುದೇ ಇಲ್ಲ. ಸೊಸೈಟಿ ಸಾಲ, ಕಿಸಾನ್ ಕಾರ್ಡ್, ಪಿಎಂ ಕಿಸಾನ್, ಬೆಳೆ ಪರಿಹಾರ ಎಲ್ಲವೂ ಪಹಣಿಯಲ್ಲಿ ಹೆಸರಿರುವವರನ್ನೇ ಹುಡುಕುತ್ತವೆ. ಮರಣ ಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬರಲು, ಅರ್ಜಿ ಕೊಡಿ. ಅಣ್ಣತಮ್ಮಂದಿರಲ್ಲಿ ಭಾಗದ ಮಾತು ಮುಗಿದಿಲ್ಲ ಎಂದು ಇದನ್ನು ಮುಂದೂಡಬೇಡಿ, ಮೊದಲು ಜಂಟಿ ಖಾತೆಯಾಗಿ ಎಲ್ಲರ ಹೆಸರೂ ಬರಲಿ, ಭಾಗ ಆಮೇಲೆ ಮಾಡಿಕೊಳ್ಳಬಹುದು. ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಲ್ಲಿ ಬಿಟ್ಟು ಅರ್ಜಿ ಹಾಕಿದರೆ ಅದು ಮುಂದೆ ತಕರಾರಿಗೆ ಬಂದು ನಿಲ್ಲುತ್ತದೆ, ಅವರಿಗೂ ಸಮಪಾಲು ಇದೆ. ಹೆಸರು ಬಂದ ಮೇಲೆ ಎಲ್ಲ ಸರ್ವೆ ನಂಬರೂ ನಿಮ್ಮ ಫ್ರೂಟ್ಸ್ ಐಡಿಗೆ (ಸರ್ಕಾರದ ರೈತ ನೋಂದಣಿ ಸಂಖ್ಯೆಗೆ) ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ತೆಗೆಸಿ ನೋಡಿ.